ಹಮ್ ಬಂತು ಅಂತ ಮೊದಲು ಟ್ಯೂಬ್ ಕೀಳಬೇಡಿ

ಜಾಬ್ ಕಾರ್ಡ್‌ನಲ್ಲಿ ‘ಹಮ್ ಇದೆ, ಟ್ಯೂಬ್ ಬದಲಿಸಿ’ ಅಂತ ಕಂಡರೆ ಮೈ ಉರಿಯುತ್ತದೆ. ಹಮ್ ಅಂದರೆ ಆಂಪ್ ಹೊರಡಿಸುವ ಗುಂಯ್ ಸದ್ದು, ಟ್ಯೂಬ್ ಅಂದರೆ ಸಿಗ್ನಲ್ ಹೆಚ್ಚಿಸುವ ಗಾಜಿನ ವಾಲ್ವ್. ರೋಗಿಯೇ ಔಷಧಿ ಚೀಟಿ ಬರೆದುಕೊಂಡು ಬಂದ ಹಾಗೆ. ಈ ಸಲ ಚೀಟಿ ಬರೆದವರು ನಮ್ಮ ಮ್ಯಾನೇಜರ್ ಸಾಹೇಬರೇ.

ರಿಪೇರಿಗೆ ಬಂದದ್ದು ಒಂದು ಹೆಡ್‌ಫೋನ್ ಆಂಪ್, ಒಳಗೆ ಎರಡು ಇಸಿಸಿ88 ಟ್ಯೂಬ್. ಎರಡೂ ಕಿವಿಯಲ್ಲಿ ಗುಂಯ್. ಗಿರಾಕಿ ಹೊರಗೆ ಕಾಯುತ್ತಿದ್ದರು, ಸಾಹೇಬರು ನನ್ನ ಬೆನ್ನ ಹಿಂದೆ. ಹೆಸರಾಂತ ಹಳೆ ಸ್ಟಾಕ್ ಟ್ಯೂಬ್ ದುಬಾರಿ, ಅಗ್ಗದ ಸೋವಿಯತ್ 6ಎನ್1ಪಿ ಹಾಕಿ ಮುಗಿಸು ಅಂದರು. ಪಿನ್ ಜೋಡಣೆ ಒಂದೇ ಅಲ್ವಾ, ನಾನೂ ಹೂಂ ಅಂದೆ. ಟ್ಯೂಬ್ ಒಳಗಿನ ಬಿಸಿ ತಂತಿ, ಅಂದರೆ ಹೀಟರ್, ಎಷ್ಟು ಕರೆಂಟ್ ಎಳೆಯುತ್ತದೆ ಅಂತ ನೋಡಲೇ ಇಲ್ಲ. ಇಸಿಸಿ88 ಎಳೆಯುವುದು 365 ಮಿಲಿಆಂಪ್, 6ಎನ್1ಪಿ 600. ಎರಡು ಸೇರಿ ಹೆಚ್ಚುಕಮ್ಮಿ ಅರ್ಧ ಆಂಪ್ ಜಾಸ್ತಿ. ಸ್ವಲ್ಪ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಮುಟ್ಟಲಾಗದಷ್ಟು ಬಿಸಿ. ಹೀಟರ್‌ಗೆ 6.3 ವೋಲ್ಟ್ ಇರಬೇಕಾದ ಕಡೆ ಮೀಟರ್ 5.6 ತೋರಿಸಿತು. ಹಮ್ ಮಾತ್ರ ಕದಲಲಿಲ್ಲ.

‘ಹಾಗಾದ್ರೆ ಫಿಲ್ಟರ್ ಕೆಪಾಸಿಟರ್’ ಅಂದರು ಸಾಹೇಬರು. ಅಲೆ ತೋರಿಸುವ ಸ್ಕೋಪ್ ಹಾಕಿದೆ. ಅಲೆ 20 ಮಿಲಿಸೆಕೆಂಡಿಗೊಮ್ಮೆ, ಅಂದರೆ 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ಫುಲ್ ವೇವ್ ರೆಕ್ಟಿಫೈಯರ್ ಆದ ಮೇಲೆ ಏರಿಳಿತ ಸಮ ಮಾಡುವ ಆ ಕೆಪಾಸಿಟರ್ ಸೋತಿದ್ದರೆ 100 ಬರಬೇಕಿತ್ತು. ವಾಲ್ಯೂಮ್ ತಿರುಗಿಸಿದೆ. ಹಮ್ ಅದರ ಜೊತೆಗೇ ಏರಿ ಇಳಿಯಿತು. ವಾಲ್ಯೂಮ್ ಪಾಟ್‌ಗಿಂತ ಮೊದಲೇ ಎಲ್ಲಿಂದಲೋ ನುಗ್ಗುತ್ತಿದೆ! ಕೇಬಲ್ ಕಿತ್ತು ಇನ್‌ಪುಟ್ ಶಾರ್ಟ್ ಮಾಡಿದೆ, ಸದ್ದು ಅಡಗಿತು. ತಪ್ಪಿತಸ್ಥ ನಮ್ಮ ಬೆಂಚಿನ ಕಂಪ್ಯೂಟರ್. ಅದಕ್ಕೂ ಅರ್ಥಿಂಗ್, ಆಂಪ್‌ಗೂ ಅರ್ಥಿಂಗ್, ನಡುವೆ ಆಡಿಯೋ ಕೇಬಲ್: ಅರ್ಥ್ ದಾರಿ ಹೀಗೆ ಸುತ್ತು ಹಾಕಿಕೊಂಡು ಗುಂಯ್ ತರುವುದೇ ಗ್ರೌಂಡ್ ಲೂಪ್. ಗಿರಾಕಿಯ ಮನೆಯಲ್ಲೂ ಕಂಪ್ಯೂಟರ್‌ಗೇ ಜೋಡಿಸಿದ್ದರಂತೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದಾಗ ಕಡಿಮೆಯಾಯಿತು, ಸಿಗ್ನಲ್ ಮಾತ್ರ ದಾಟಿಸಿ ಅರ್ಥ್ ದಾರಿ ಕಡಿಯುವ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸೇರಿಸಿದಾಗ ಪೂರ್ತಿ ಹೋಯಿತು. ಪಕ್ಕದ ಬೆಂಚಿನವನು ‘ಸುಮ್ನೆ ಅರ್ಥ್ ಪಿನ್ ಕಿತ್ತುಬಿಡು’ ಅಂದ. ಒಳಗೆ ಹೈ ವೋಲ್ಟೇಜ್, ಹೊರಗೆ ಲೋಹದ ಪೆಟ್ಟಿಗೆ, ತಲೆ ಮೇಲೆ ಹೆಡ್‌ಫೋನ್. ಇಂಥವರ ಕೈಗೆ ಸ್ಕ್ರೂಡ್ರೈವರ್ ಯಾರು ಕೊಟ್ಟರೋ!

ಹಳೆ ಟ್ಯೂಬ್ ವಾಪಸ್ ಹಾಕಿದ ಮೇಲೆ ಬಲಗಿವಿಯಲ್ಲಿ ಸಣ್ಣ ಗುಂಯ್ ಕೇಳಿಸಿತು. ಇದು ವಾಲ್ಯೂಮ್‌ಗೆ ಜಗ್ಗಲಿಲ್ಲ. ಟ್ಯೂಬ್‌ಗಳನ್ನು ಎಡ ಬಲ ಬದಲಿಸಿದೆ, ಗುಂಯ್ ಎಡಕ್ಕೆ ಬಂತು. ಅಂದರೆ ಇದು ಆ ಟ್ಯೂಬ್‌ನದೇ ತಪ್ಪು: ಹೀಟರ್‌ನಿಂದ ಅದು ಬಿಸಿ ಮಾಡುವ ಕ್ಯಾಥೋಡ್‌ಗೆ ಕರೆಂಟ್ ಸೋರಿಕೆ. ‘ನಾನು ಆಗಲೇ ಹೇಳಿದ್ದೆ’ ಅಂದರು ಸಾಹೇಬರು. ಏನು ಹೇಳಲಿ.

ಕೊನೆಗೆ ಹಾಕಿದ್ದು 6ಎನ್23ಪಿ ಜೋಡಿ. ಅದೂ ಸೋವಿಯತ್ ಮಾಲೇ, ಹೀಟರ್ ಎಳೆಯುವುದು ಸುಮಾರು 310 ಮಿಲಿಆಂಪ್. ಹೆಸರಾಂತ ಬ್ರ್ಯಾಂಡಿನ ಮುದ್ರೆ ಇಲ್ಲದ್ದಕ್ಕೆ ಅಗ್ಗ, ಅಷ್ಟೇ. ಟ್ರಾನ್ಸ್‌ಫಾರ್ಮರ್ ತಣ್ಣಗಿದೆ.

6ಎನ್1ಪಿ ಮಾತ್ರ ಸಾಹೇಬರು ಡಬ್ಬಗಟ್ಟಲೆ ತರಿಸಿಟ್ಟಿದ್ದಾರೆ. ಇನ್‌ಪುಟ್ ಶಾರ್ಟ್ ಮಾಡುವ ಪ್ಲಗ್ ಒಂದು ಜೋಡಿ ಕೇಳಿದರೆ ಬಜೆಟ್ ಇಲ್ಲ. ಹಳೆ ಆರ್‌ಸಿಎ ಪಿನ್‌ಗೆ ತಂತಿ ಬೆಸೆದು ನಾನೇ ಮಾಡಿಕೊಂಡಿದ್ದೇನೆ.