ಓಲೆ ಅಡವಿಟ್ಟು ಕಟ್ಟಿದ ದಂಡ

ಉಚಿತ ಕಾನೂನು ನೆರವಿನ ವಕೀಲೆಯಾಗಿ ಸೇರಿದ ಮೊದಲ ವರ್ಷ, ಗಾಂಜಾ ಸೇವನೆಯ ಪ್ರಕರಣ ಬಂದರೆ ನನಗೆ ತೋಚುತ್ತಿದ್ದದ್ದು ಒಂದೇ ದಾರಿ: ತಪ್ಪೊಪ್ಪಿಕೋ, ದಂಡ ಕಟ್ಟು, ಮನೆಗೆ ಹೋಗು. ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇದಿದವನಿಗೆ ಆರು ತಿಂಗಳವರೆಗೆ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಜೆ ತಪ್ಪಿಸಿದರೆ ಗೆದ್ದಂತೆ ಎಂದುಕೊಂಡಿದ್ದೆ.

ಟೆಂಪೊ ಕ್ಲೀನರ್ ಹುಡುಗನೊಬ್ಬನಿಗೂ ಅದನ್ನೇ ಹೇಳಿದೆ. ತಾಯಿ ಕಿವಿಯೋಲೆ ಅಡವಿಟ್ಟು ದಂಡ ಕಟ್ಟಿದರು. ನಾಲ್ಕು ತಿಂಗಳಾಗಿತ್ತು, ನ್ಯಾಯಾಲಯದ ಅದೇ ಮೊಗಸಾಲೆಯಲ್ಲಿ ಅವನು ಮತ್ತೆ ಕುಳಿತಿದ್ದ. ಬರಿಯ ಕಿವಿಯ ತಾಯಿ ಪಕ್ಕದಲ್ಲಿದ್ದರು. "ನಿದ್ದೆಯೇ ಬರುವುದಿಲ್ಲ ಮೇಡಂ, ಅದಿಲ್ಲದೆ ರಾತ್ರಿ ಕಳೆಯಲಾಗುವುದಿಲ್ಲ" ಎಂದ. ಮೊದಲ ಸಲ ನಾನು ಅವನ ನಿದ್ದೆಯ ಬಗ್ಗೆ ಕೇಳಿಯೇ ಇರಲಿಲ್ಲ.

ಅಂದು ರಾತ್ರಿ ಕಾಯ್ದೆಯನ್ನು ಮತ್ತೆ ಓದಿದೆ. 64ಎ ಕಲಂ ಅಲ್ಲಿಯೇ ಇತ್ತು. ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಗಾಂಜಾಕ್ಕೆ ಅಲ್ಪ ಪ್ರಮಾಣವೆಂದರೆ ಒಂದು ಕಿಲೋವರೆಗೆ, ಹೆರಾಯಿನ್‌ಗೆ ಐದು ಗ್ರಾಂ. ತಪ್ಪು ಸಾಬೀತಾದ ಮೇಲೂ 39ನೇ ಕಲಂ ಇದೆ: ಆರೋಪಿ ಒಪ್ಪಿದರೆ ನ್ಯಾಯಾಲಯ ಸಜೆ ವಿಧಿಸುವ ಬದಲು ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳುಹಿಸಬಹುದು. ಆದರೆ ಆಗ ನ್ಯಾಯಾಧೀಶರು ಅವನ ಹಿಂದಿನ ನಡತೆಯನ್ನೂ ನೋಡುತ್ತಾರೆ. ನಾನು ಆತುರದಲ್ಲಿ ಮಾಡಿಸಿದ್ದ ತಪ್ಪೊಪ್ಪಿಗೆ ಈಗ ಅವನ ಕಡತದಲ್ಲಿ ಮೊದಲ ಹಾಳೆಯಾಗಿತ್ತು. ಇದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಇನ್ನೊಂದು ಮಾತನ್ನು ಕಿರಿಯ ಸಹೋದ್ಯೋಗಿಗಳಿಗೆ ಒತ್ತಿ ಹೇಳುತ್ತೇನೆ. ಎರಡೂ ಕಲಂಗಳು ಕೇಳುವುದು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯ ಚಿಕಿತ್ಸೆಯನ್ನು. ಊರಾಚೆ ಕೋಣೆಗೆ ಬೀಗ ಹಾಕಿ ಕೂಡಿಡುವ ಖಾಸಗಿ ಕೇಂದ್ರಕ್ಕೆ ಮನೆಯವರು ಸಾಲ ಮಾಡಿ ಸೇರಿಸಿಬಿಡುತ್ತಾರೆ. ಮಾನ್ಯತೆ ಇಲ್ಲದಿದ್ದರೆ ಅದರ ಪತ್ರ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ. ದಾರಿ ತಿಳಿಯದವರಿಗೆ 14446 ಸಹಾಯವಾಣಿ ಇದೆ.

ಈಗ ಕಕ್ಷಿದಾರನನ್ನು ಮನೆಯವರಿಂದ ಹೊರಗೆ ಕರೆದು ಒಬ್ಬನನ್ನೇ ಕೂರಿಸಿಕೊಳ್ಳುತ್ತೇನೆ. ಯಾವಾಗಿನಿಂದ, ಎಷ್ಟು, ಬಿಡಲು ಹೋದಾಗ ಏನಾಯಿತು ಎಂದು ಕೇಳುತ್ತೇನೆ. ಬಿಡುವ ಮನಸ್ಸು ತಾಯಿಗಲ್ಲ, ಅವನಿಗೇ ಇದೆ ಎಂದು ಕಂಡರೆ ಅಂದೇ ಹೊರರೋಗಿ ವಿಭಾಗಕ್ಕೆ ಜೊತೆಯಲ್ಲಿ ಹೋಗುತ್ತೇನೆ; ಅರ್ಜಿ ಬರೆಯುವುದು ಆಮೇಲೆ.

ಆ ಹುಡುಗ ಎರಡು ಸಲ ಚಿಕಿತ್ಸೆ ಬಿಟ್ಟು ಓಡಿದ. ಮೂರನೆಯ ಸಲ ತಾನೇ ಫೋನ್ ಮಾಡಿ, ಆಸ್ಪತ್ರೆಯ ಗೇಟಿನ ಬಳಿ ನಿಂತಿದ್ದೇನೆ, ಒಳಗೆ ಹೋಗಲು ಜೊತೆಗೆ ಬನ್ನಿ ಎಂದ.