ಜ್ವರದ ರಾತ್ರಿ ಲೆಕ್ಕ ಹಿಡಿದವಳು

ದೇಹ ತಾನೇ ಇನ್ಸುಲಿನ್ ತಯಾರಿಸಲಾರದ ಟೈಪ್ 1 ಮಧುಮೇಹದ ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ, ರೋಗಿಯ ಕೈಯಲ್ಲೇ. ಮೂರು ತಿಂಗಳಿಗೊಮ್ಮೆ, ಆ ಅವಧಿಯ ಸರಾಸರಿ ರಕ್ತದ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ವರದಿ ಹಿಡಿದು ವೈದ್ಯರ ಎದುರು ಕೂರುವ ಕೆಲವು ನಿಮಿಷಗಳನ್ನು ಬಿಟ್ಟರೆ, ಎಷ್ಟು ತಿನ್ನಬೇಕು, ಎಷ್ಟು ಯೂನಿಟ್ ಇನ್ಸುಲಿನ್ ಬೇಕು, ಮಲಗುವ ಮುನ್ನ ಇನ್ನೊಮ್ಮೆ ಪರೀಕ್ಷಿಸಬೇಕೇ ಎಂಬ ತೀರ್ಮಾನಗಳೆಲ್ಲ ನಮ್ಮವೇ. ವರ್ಷಗಳಿಂದ ನನಗೆ ಇದು ರೂಢಿಯಾಗಿದೆ, ಆ ಬಗ್ಗೆ ಹೆಮ್ಮೆಯೂ ಇದೆ. ಆದರೂ ಈ ಹೊರೆಯನ್ನು ಒಬ್ಬರೇ ಹೊರಲಾಗದ ಹೊತ್ತು ಬರುತ್ತದೆ ಎಂಬುದು ನನಗೆ ಮನದಟ್ಟಾದದ್ದು ಜ್ವರ ಬಂದು ಮಲಗಿದ ಒಂದು ರಾತ್ರಿ.

ಸಂಜೆಯಿಂದಲೇ ಮೈ ಸುಡುತ್ತಿತ್ತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಊಟವೇ ಇಲ್ಲದ ಮೇಲೆ ಇನ್ಸುಲಿನ್ ಏಕೆ ಎಂದು ಮನೆಯವರಿಗೆ ಅನ್ನಿಸಿದ್ದು ಸಹಜ. ಆದರೆ ಜ್ವರದಲ್ಲಿ ದೇಹ ಒತ್ತಡದ ಹಾರ್ಮೋನುಗಳನ್ನು ಹೆಚ್ಚು ಸ್ರವಿಸುತ್ತದೆ, ಯಕೃತ್ತು ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಏನೂ ತಿನ್ನದಿದ್ದರೂ ಸಕ್ಕರೆ ಏರುತ್ತದೆ. ಆಗ ಊಟವಿರಲಿ ಬಿಡಲಿ ದಿನವಿಡೀ ಕೆಲಸ ಮಾಡುವ ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸಿದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲೀಯ ವಸ್ತುಗಳನ್ನು ತಯಾರಿಸತೊಡಗುತ್ತದೆ, ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಆದರೆ ಸಕ್ಕರೆ ಅಳೆಯುವ ಮೀಟರ್ 287 ತೋರಿಸಿದಾಗ ಅದನ್ನು 120ಕ್ಕೆ ಇಳಿಸಲು ಎಷ್ಟು ಯೂನಿಟ್ ಬೇಕೆಂಬ, ದಿನವೂ ಮಾಡುವ ಭಾಗಾಕಾರವೇ ನನ್ನ ಕೈಗೆ ಹತ್ತಲಿಲ್ಲ. ಹಿಂದಿನ ಡೋಸ್ ತೆಗೆದುಕೊಂಡು ಎಷ್ಟು ಹೊತ್ತಾಯಿತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮೊದಲಿನದರ ಪ್ರಭಾವ ಇಳಿಯುವ ಮುನ್ನ ಮತ್ತೊಂದು ಡೋಸ್ ಸೇರಿದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದೆಂಬ ಭಯ ಬೇರೆ.

ತಂಗಿ ಬಂದು ಪಕ್ಕದಲ್ಲಿ ಕುಳಿತಳು. ಏನು ತಿಂದಿದ್ದೆ, ಹೀಗೇಕಾಯಿತು ಎಂದು ಕೇಳಲಿಲ್ಲ. "ನಾನು ಏನೇನು ಬರೆದಿಡಲಿ, ಹೇಳು" ಎಂದಳು. ಒಂದು ಹಾಳೆಯಲ್ಲಿ ವೇಳೆ, ಸಕ್ಕರೆ, ಇನ್ಸುಲಿನ್, ಕುಡಿದ ನೀರು ಎಂದು ನಾಲ್ಕು ಮನೆಗಳನ್ನು ಎಳೆದಳು. ಮೀಟರಿನ ನೆನಪಿನಲ್ಲಿದ್ದ ಹಳೆಯ ಅಂಕಿಗಳನ್ನು ಇಳಿಸಿಕೊಂಡಳು. ಇನ್ಸುಲಿನ್ ಪೆನ್ನನ್ನು ಕೊನೆಯ ಬಾರಿ ಯಾವಾಗ ಕೈಗೆ ಕೊಟ್ಟದ್ದೆಂದು ಅಮ್ಮನನ್ನು ವಿಚಾರಿಸಿ ಅದನ್ನೂ ಬರೆದಳು. ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ನೋಡುವ ಪರೀಕ್ಷಾ ಪಟ್ಟಿಯ ತುದಿ ತಿಳಿ ಗುಲಾಬಿಗೆ ತಿರುಗಿದಾಗ ಅದನ್ನು ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದು ದೀಪದ ಬೆಳಕಿನಲ್ಲಿ ಹೋಲಿಸಿದಳು. ನಮ್ಮ ವೈದ್ಯರ ತಂಡದ ದಾದಿಗೆ ಫೋನ್ ಮಾಡಿದಾಗ ಅವರು ಕೇಳಿದ್ದೂ ಇವೇ ವಿವರಗಳನ್ನು. ಡೋಸ್ ತಿಳಿಸಿ, ವಾಂತಿ ನಿಲ್ಲದಿದ್ದರೆ, ಪಟ್ಟಿಯ ಬಣ್ಣ ಗಾಢವಾದರೆ ಅಥವಾ ಉಸಿರಾಟ ಭಾರವಾದರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದರು. ತಂಗಿ ಅಲಾರಂ ಇಟ್ಟುಕೊಂಡು ಆಗಾಗ ಎದ್ದು ನನ್ನ ಬೆರಳು ಚುಚ್ಚಿ ನೋಡಿದಳು. ಬೆಳಗಾಗುವಷ್ಟರಲ್ಲಿ ಸಕ್ಕರೆ 180ಕ್ಕೆ ಇಳಿದಿತ್ತು.

ದೀರ್ಘಕಾಲದ ಕಾಯಿಲೆ ಇರುವವರ ಸುತ್ತ ಕಾಳಜಿಗೇನೂ ಕೊರತೆ ಇರುವುದಿಲ್ಲ, ಆದರೆ ಆ ಕಾಳಜಿ ಬಹಳ ಸಲ ಕಾವಲಿನ ರೂಪದಲ್ಲಿ ಬರುತ್ತದೆ. ತಟ್ಟೆಯತ್ತ ಒಂದು ನೋಟ, "ಇವತ್ತು ಎಷ್ಟಿದೆ" ಎಂಬ ಪ್ರಶ್ನೆ, ಅಂಕಿ ಹೆಚ್ಚಿದ್ದರೆ ಒಂದು ನಿಟ್ಟುಸಿರು. ಇದು ಬಹಳ ಕಾಲ ನಡೆದರೆ ರೋಗಿ ತನ್ನ ಅಂಕಿಗಳನ್ನು ಮುಚ್ಚಿಡಲು ಕಲಿಯುತ್ತಾನೆ, ಅಲ್ಲಿಗೆ ಸ್ವನಿರ್ವಹಣೆಯ ಬುಡವೇ ಅಲುಗಾಡುತ್ತದೆ. ತಂಗಿ ಮಾಡಿದ್ದು ನನ್ನ ಕೆಲಸದಲ್ಲಿ ಪಾಲು ತೆಗೆದುಕೊಂಡದ್ದು. ಜ್ವರ ಬಿಟ್ಟ ಮೇಲೆ ಆ ಹಾಳೆಯನ್ನು ನನ್ನ ಕೈಗಿತ್ತವಳು ಮತ್ತೆ ನನ್ನ ಲೆಕ್ಕದಲ್ಲಿ ತಲೆ ಹಾಕಲಿಲ್ಲ. ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೇ.

ಮುಂದಿನ ತಪಾಸಣೆಗೆ ಅವಳನ್ನೂ ಕರೆದುಕೊಂಡು ಹೋದೆ. ಕಾಯಿಲೆ ಬಿದ್ದ ದಿನಗಳಲ್ಲಿ ಏನು ಮಾಡಬೇಕೆಂಬುದನ್ನು ಬೇರೆಯವರಿಗೂ ಅರ್ಥವಾಗುವಂತೆ ಬರೆದುಕೊಡಿ ಎಂದು ವೈದ್ಯರನ್ನು ಕೇಳಿದೆವು. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬಾರದು, ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಚುಚ್ಚುಮದ್ದು ಕೊಡಬೇಕು ಎಂದು ನನಗೆ ಮೊದಲೇ ಹೇಳಿದ್ದರು. ಆದರೆ ಅಂಥ ಹೊತ್ತಿನಲ್ಲಿ ಅದನ್ನು ಕೊಡಬೇಕಾದವರು ಯಾವಾಗಲೂ ಬೇರೊಬ್ಬರೇ. ಅದನ್ನು ಹೇಗೆ ಕೊಡುವುದೆಂದು ತಂಗಿಗೆ ತೋರಿಸಿದ್ದು ಆ ದಿನವೇ ಮೊದಲು.