ಬಚ್ಚಲ ಒಲೆ ಬೂದಿ ಮತ್ತು ಜಂಬಿಟ್ಟಿಗೆ ಮಣ್ಣು: ಎರಡನೇ ವರ್ಷ

ದರೆ (ಮಣ್ಣು ಕಡಿದ ದಿಣ್ಣೆ) ಮೇಲಿನ ಜಾಗದಲ್ಲಿ ಈ ಸಲ ಬೀಟ್‌ರೂಟ್ ಬಂದಿದೆ. ಒಂದೊಂದು ಮುಷ್ಟಿ ಗಾತ್ರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಜಂಬಿಟ್ಟಿಗೆ ಮಣ್ಣು ಕಂಡವರಿಗೆ ಇದು ಎಷ್ಟು ಖುಷಿಯ ವಿಷಯ ಅಂತ ಗೊತ್ತಾಗುತ್ತದೆ. ಬೀಟ್‌ರೂಟ್, ಪಾಲಕ್ ಎರಡೂ ಹುಳಿ ಮಣ್ಣನ್ನು ಸಹಿಸುವುದಿಲ್ಲ. ಒಲೆ ಬೂದಿಯಿಂದ ಮಣ್ಣಿನ ಹುಳಿ ಇಳಿಯುತ್ತದೆಯೇ ಅಂತ ನೋಡುವ ಪರೀಕ್ಷೆಗೆ ಅದಕ್ಕೇ ಅವನ್ನೇ ಆರಿಸಿದ್ದು.

ಅಂಗಳ ಅಗಲ ಮಾಡುವಾಗ ಜೆಸಿಬಿ ಕೆರೆದು ಬಿಟ್ಟ ಜಾಗ ಇದು. ಮೇಲ್ಮಣ್ಣು ಪೂರ್ತಿ ಹೋಗಿದೆ. ಉಳಿದದ್ದು ಕೆಂಪಗಿನ, ಹರಳು ತುಂಬಿದ ಗಟ್ಟಿ ಮಣ್ಣು. ಶುರುವಿನಲ್ಲಿ ಪರೀಕ್ಷೆ ಮಾಡಿಸಿದಾಗ ಪಿಎಚ್ 4.8 ಇತ್ತು. 7 ಅಂದರೆ ಸಮ, ಅದಕ್ಕಿಂತ ಕೆಳಗೆ ಹುಳಿ. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಜಾಸ್ತಿ, ಹಾಗಾಗಿ 4.8 ಮತ್ತು 5.8ರ ನಡುವೆ ಅಜಗಜಾಂತರ.

ಮಣ್ಣು ಹೀಗಾಗಲು ಮಳೆಯೇ ಮುಖ್ಯ ಕಾರಣ. ಘಟ್ಟದಲ್ಲಿ ಸುರಿಯುವ ನೀರು ಸುಣ್ಣದ ಅಂಶ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಹಿಂದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಪಿಎಚ್ 5ಕ್ಕಿಂತ ಕೆಳಗೆ ಹೋದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ಬೇರು ಇಳಿಯದ ಗಿಡಕ್ಕೆ ನೀರು ಹಾಕಿದರೂ ದಂಡ. ರಂಜಕ ಕೊಟ್ಟರೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಸಿಗುವುದಿಲ್ಲ. ಮೊದಲು ಹುಳಿ ಇಳಿಯಬೇಕು. ಉಳಿದದ್ದೆಲ್ಲ ಆಮೇಲೆ.

ಸುಣ್ಣ ಹಾಕಿದರೆ ಹುಳಿ ಇಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ಮನೆಗಳಲ್ಲಿ ವರ್ಷವಿಡೀ ಬಚ್ಚಲ ಒಲೆ ಉರಿಯುತ್ತದೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಬೇರೆ. ಆ ಬೂದಿ ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಕಡೆ ಹಿತ್ತಲ ಮೂಲೆಗೆ, ಮಳೆ ಬಂದರೆ ಚರಂಡಿಗೆ. ಮರ ಹತ್ತಾರು ವರ್ಷ ಆಳದಿಂದ ಎಳೆದು ತಂದ ಸುಣ್ಣದಂಶ ಅದರಲ್ಲಿದೆ. ಒಳ್ಳೆಯ ಕಟ್ಟಿಗೆ ಬೂದಿಗೆ ಹುಳಿ ಇಳಿಸುವ ಶಕ್ತಿ ಸುಣ್ಣದ ಹುಡಿಯ ಅರ್ಧದಷ್ಟು ಇರುತ್ತದೆ, ಕಟ್ಟಿಗೆ ನೋಡಿಕೊಂಡು ಹೆಚ್ಚು ಕಡಿಮೆ. ಜೊತೆಗೆ ಪೊಟ್ಯಾಷ್, ಸ್ವಲ್ಪ ರಂಜಕ. ದುಡ್ಡು ಕೊಟ್ಟು ತರುವ ಪೊಟ್ಯಾಷ್ ಒಲೆಯ ಬಾಯಲ್ಲೇ ಬಿದ್ದಿರುವಾಗ ಅದನ್ನು ಚೆಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಬೂದಿ ಕೂಡಿಡುವುದು

ಕೆಲಸದ ಮುಕ್ಕಾಲು ಪಾಲು ಇದೇ. ಒಲೆಯಿಂದ ತೆಗೆದ ಬೂದಿ ಪೂರ್ತಿ ಆರಬೇಕು. ಒಳಗೆ ಕೆಂಡ ಇದ್ದರೆ ರಾತ್ರಿ ಕೊಟ್ಟಿಗೆಗೇ ಬೆಂಕಿ ಬೀಳಬಹುದು. ಆರಿದ ಮೇಲೆ ಜರಡಿ ಹಿಡಿದು, ಮುಚ್ಚಳ ಇರುವ ತಗಡಿನ ಡ್ರಮ್ಮಿಗೆ ತುಂಬುತ್ತೇನೆ. ಮೇಲೆ ಉಳಿದ ಇದ್ದಿಲ ಚೂರನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಅದು ಸಾರ ಹೀರಿಕೊಂಡು ಮಣ್ಣಿನಲ್ಲಿ ಬಹಳ ಕಾಲ ಇರುತ್ತದೆ.

"ಮಳೆಗೆ ನೆನೆದ ಬೂದಿ ಸತ್ತ ಬೂದಿ ಮಾರಾಯ್ತಿ" ಅಂತ ಅತ್ತೆ ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ಭಾಗ ಪೂರ್ತಿ ಸತ್ಯ. ಪೊಟ್ಯಾಷ್ ನೀರಿನಲ್ಲಿ ಬೇಗ ಕರಗುತ್ತದೆ, ಮೊದಲ ಮಳೆಗೇ ಹರಿದು ಹೋಗುತ್ತದೆ. ಆದರೆ ಸುಣ್ಣದಂಶ ಬಹುಪಾಲು ಅಲ್ಲೇ ಉಳಿಯುತ್ತದೆ. ಹಾಗಾಗಿ ಹಿತ್ತಲಲ್ಲಿ ನೆನೆದು ಗಟ್ಟಿಯಾದ ಹಳೆ ಬೂದಿಯನ್ನೂ ನಾನು ಬಿಡಲಿಲ್ಲ. ಪುಡಿ ಮಾಡಿ ಹುಳಿ ಇಳಿಸಲು ಬಳಸಿದೆ. ಪೊಟ್ಯಾಷ್ ಬೇಕಾದ ಕಡೆಗೆ ಮಾತ್ರ ಒಣ ಬೂದಿ.

ಬೂದಿಯಲ್ಲಿ ಜೀವ ಇದೆಯೇ ಅಂತ ನೋಡಲು ಒಂದು ಚಮಚದ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಅದರಲ್ಲಿ ಹುಳಿ ಇಳಿಸುವ ಕಾರ್ಬೊನೇಟ್ ಇದೆ ಅಂತ ಅರ್ಥ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಪುಕ್ಕಟೆ ಸಿಗುತ್ತದೆ ಅಂತ ತಂದು ನೋಡಿದೆ. ನೊರೆ ಬರಲೇ ಇಲ್ಲ. ಭತ್ತದ ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ. ಗಟ್ಟಿ ಮಣ್ಣು ಸಡಿಲ ಮಾಡಲು ಅಡ್ಡಿಯಿಲ್ಲ, ಹುಳಿ ಇಳಿಸುವ ಕೆಲಸಕ್ಕೆ ಅಲ್ಲ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ತುಂಬಾ ಜಾಸ್ತಿ. ಅದನ್ನು ಬಾಳೆ ಬುಡಕ್ಕೆ ಬೇರೆಯಾಗಿಯೇ ಇಡುತ್ತೇನೆ.

ಪ್ಲಾಸ್ಟಿಕ್, ಪೇಂಟ್ ಬಳಿದ ಹಲಗೆ, ಪ್ಲೈವುಡ್ ಸುಟ್ಟ ಬೂದಿ ತರಕಾರಿ ಮಣ್ಣಿಗೆ ಬೇಡವೇ ಬೇಡ. ಅದರ ಸೀಸ, ಇತರ ಲೋಹ ಮಣ್ಣಿನಲ್ಲೇ ಉಳಿಯುತ್ತವೆ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೂರು ಹಾಕುವ ಅಭ್ಯಾಸ ಎಷ್ಟೋ ಮನೆಯಲ್ಲಿದೆ, ಅಲ್ವಾ? ನಮ್ಮಲ್ಲಿ ಅಡಿಕೆ ಹಾಳೆಯ ಚೂರು ಸಾಕಾಗುತ್ತದೆ.

ನಾಲ್ಕು ಮಡಿ

ಒಂದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಬೂದಿ ಮಾತ್ರ. ಮೂರನೆಯದಕ್ಕೆ ಬೂದಿ ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ನಾಲ್ಕನೆಯದಕ್ಕೆ ಕೃಷಿ ಸುಣ್ಣ ಮತ್ತು ಅದೇ ಗೊಬ್ಬರ. ಬೂದಿ ಪ್ರತಿ ಸಲ ಹತ್ತು ಚದರ ಮೀಟರಿಗೆ ಒಂದೂವರೆ ಕಿಲೋ, ವರ್ಷಕ್ಕೆ ಎರಡು ಸಲ: ಮಳೆ ಹಿಂದಾದ ಮೇಲೆ ಒಮ್ಮೆ, ಮಾಘದ ಹೊತ್ತಿಗೆ ಒಮ್ಮೆ. ಇದು ಸಾಧಾರಣ ತೋಟಕ್ಕೆ ಜಾಸ್ತಿಯೇ. ನಮ್ಮ ಮಣ್ಣು ಅಷ್ಟು ಹುಳಿ ಇರುವುದರಿಂದ, ಪ್ರತಿ ಸುಗ್ಗಿಗೂ ಪರೀಕ್ಷೆ ಮಾಡಿಸುತ್ತಿರುವುದರಿಂದ ಹಾಕಿದೆ. ಪಿಎಚ್ 6.5 ಇರುವ ಕಡೆ ಹೀಗೆ ಸುರಿದರೆ ಕಬ್ಬಿಣ, ಸತು, ಬೋರಾನ್ ಗಿಡಕ್ಕೆ ಸಿಗದೆ ಎಲೆ ಬಿಳಿಚುತ್ತದೆ.

ಮಳೆಗಾಲದ ಬಾಯಿಗೆ ಬೂದಿ ಹಾಕುವುದಿಲ್ಲ. ಇಳಿಜಾರಿನಲ್ಲಿ ಅದು ನಿಲ್ಲುವುದಿಲ್ಲ. ಹಾಕಿದ ಕೂಡಲೇ ಒಂದು ಗೇಣು ಆಳಕ್ಕೆ ಮಣ್ಣಿನ ಜೊತೆ ಕಲಸಿ, ನೀರು ಕೊಟ್ಟು, ಎರಡು ವಾರ ಬಿಟ್ಟು ಬೀಜ ಹಾಕುತ್ತೇನೆ. ಹೊಸ ಬೂದಿಯ ಉಪ್ಪು ಮೊಳಕೆಯನ್ನು ಸುಡುತ್ತದೆ. ಯೂರಿಯಾ, ಹಸಿ ಸಗಣಿ, ಗಂಜಳದ ಜೊತೆಗೂ ಸೇರಿಸುವುದಿಲ್ಲ. ಸೇರಿಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಆ ಘಾಟು ಮೂಗಿಗೆ ಬಡಿದರೆ ಗೊಬ್ಬರ ಹಾರಿ ಹೋಗುತ್ತಿದೆ ಎಂದೇ ತಿಳಿಯಿರಿ.

ಈಗಿನ ಸ್ಥಿತಿ

ಏನೂ ಹಾಕದ ಮಡಿ 4.8ರಲ್ಲೇ ಇದೆ. ಬೂದಿಯ ಎರಡೂ ಮಡಿ 5.5ರ ಸುತ್ತಮುತ್ತ ಬಂದಿವೆ. ಸುಣ್ಣದ ಮಡಿ 5.8.

ನನಗೆ ಮುಖ್ಯ ಅನ್ನಿಸಿದ್ದು ಎರಡನೇ ಮತ್ತು ಮೂರನೇ ಮಡಿಯ ವ್ಯತ್ಯಾಸ. ಪಿಎಚ್ ಎರಡರಲ್ಲೂ ಒಂದೇ, ಬೆಳೆ ಮಾತ್ರ ಒಂದೇ ಅಲ್ಲ. ಬೂದಿ ಮಾತ್ರ ಹಾಕಿದ ಕಡೆ ಪಾಲಕ್ ಹುಟ್ಟಿತು, ಬದುಕಿತು, ಆದರೆ ಹಳದಿ ಬಣ್ಣಕ್ಕೆ ತಿರುಗಿ ಗಿಡ್ಡಗೆ ಉಳಿಯಿತು. ಕಟ್ಟಿಗೆ ಉರಿಯುವಾಗ ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ, ಬೂದಿಯಲ್ಲಿ ಇರುವುದಿಲ್ಲ. ಗೊಬ್ಬರ ಸೇರಿದ ಮಡಿಯಲ್ಲಿ ಅದೇ ಪಾಲಕ್ ಅಂಗೈ ಅಗಲ ಬಂತು. ಬೀಟ್‌ರೂಟ್ ಗಡ್ಡೆ ಕಟ್ಟಿದ್ದೂ ಮೂರು ಮತ್ತು ನಾಲ್ಕನೇ ಮಡಿಯಲ್ಲಿ. ಬೂದಿ ಬಾಗಿಲು ತೆರೆಯುತ್ತದೆ, ಊಟ ಬಡಿಸುವುದು ಗೊಬ್ಬರ. ಕಳಿತ ಗೊಬ್ಬರ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಕರಗಿದ ಅಲ್ಯೂಮಿನಿಯಂ ಅನ್ನು ಅದು ತಾನೇ ಹಿಡಿದುಕೊಂಡು ಬೇರನ್ನು ಕಾಯುತ್ತದೆ.

ನಮ್ಮ ಕಡೆಯ ಹಳೆಯ ಕುಮ್ರಿ ಬೇಸಾಯದ ನೆನಪು ಬಂತು. ಕಾಡು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಕೆಲವೇ ವರ್ಷದಲ್ಲಿ ಆ ಜಾಗ ಬಿಟ್ಟು ಹೋಗುತ್ತಿದ್ದರು. ಬೂದಿಯ ಬಲ ಮಳೆಗೆ ತೊಳೆದು ಹೋಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮಗೆ ಬಿಟ್ಟು ಹೋಗಲು ಬೇರೆ ಜಾಗ ಇಲ್ಲ. ಪ್ರತಿ ವರ್ಷ ವಾಪಸ್ ಕೊಡುತ್ತಲೇ ಇರಬೇಕು.

ಅಡಿಕೆಯ ಹಳದಿ ಎಲೆ ರೋಗಕ್ಕೆ ಬೂದಿ ಆಗುತ್ತದಾ ಅಂತ ಭಾವ ಕೇಳಿದರು. ಅದು ಫೈಟೊಪ್ಲಾಸ್ಮಾ ಅನ್ನುವ, ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರುವ ರೋಗ, ಬೂದಿಯಿಂದ ವಾಸಿಯಾಗುವುದಿಲ್ಲ. ಆದರೆ ತೋಟಕ್ಕೆ ಬೂದಿ ಕೊಡಲು ಬೇರೆ ಕಾರಣ ಇದೆ. ಕೊಳೆ ರೋಗಕ್ಕೆ ವರ್ಷಾ ವರ್ಷ ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ) ತಾಮ್ರ ಮಣ್ಣಿಗೆ ಸೇರುತ್ತಲೇ ಇರುತ್ತದೆ. ಮಣ್ಣು ಹುಳಿ ಇದ್ದಷ್ಟೂ ಆ ತಾಮ್ರ ಬೇರಿಗೆ ಹೆಚ್ಚು ತಾಗುತ್ತದೆ. ಹುಳಿ ಇಳಿದರೆ ಅದು ಅಡಗುತ್ತದೆ.

ಹಾಗಾಗಿ ಮುಂದಿನ ಹೆಜ್ಜೆ ತೋಟದ ಮೇಲಿನ ಸಾಲು. ಮೊದಲು ಅಲ್ಲಿಯ ಮಣ್ಣನ್ನು ಬೇರೆ ಬೇರೆ ಜಾಗದಿಂದ ತೆಗೆದು ಕಲಸಿ, ನೆರಳಲ್ಲಿ ಒಣಗಿಸಿ ಪರೀಕ್ಷೆಗೆ ಕೊಡುತ್ತೇನೆ. ಸಾಲಿನ ಅರ್ಧ ಮರಗಳಿಗೆ ಬೂದಿ ಮತ್ತು ಗೊಬ್ಬರ, ಉಳಿದ ಅರ್ಧಕ್ಕೆ ಗೊಬ್ಬರ ಮಾತ್ರ. ದರೆಯ ಮಡಿಗಳಲ್ಲಿ ಮುಂದಿನ ಸಲ ಬೀನ್ಸ್ ಹಾಕುತ್ತೇನೆ. ಬೀನ್ಸ್ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಕ್ಕೂ ಹುಳಿ ಆಗುವುದಿಲ್ಲ. ನಾಲ್ಕೂ ಮಡಿಯಿಂದ ಗಿಡ ಕಿತ್ತು ಗಂಟು ಎಷ್ಟು ಕಟ್ಟಿದೆ ಅಂತ ನೋಡುವುದಿದೆ.